ಕಿತ್ತೂರಿನ ಇನ್ನೊಂದು ಇಸವಿ

ಕಿತ್ತೂರು ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಚೆನ್ನಮ್ಮ, ರಾಯಣ್ಣ, 1824. ಬೈಲಹೊಂಗಲದವನಾದ ನಾನೂ ಇಷ್ಟನ್ನೇ ಕೇಳಿ ಬೆಳೆದವನು. ಅದೇ ಊರಿಗೆ ಇನ್ನೊಂದು ಇಸವಿಯೂ ಇದೆ ಗೆಳೆಯರೇ, 1986. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿಯೇ ತಯಾರಿಸಿದ ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಮೊಟ್ಟಮೊದಲನೆಯದು ಆ ವರ್ಷದ ಜುಲೈನಲ್ಲಿ ಚಾಲೂ ಆಗಿದ್ದು ಕಿತ್ತೂರಿನಲ್ಲಿ!

ಅದಕ್ಕೂ ಮುಂಚೆ ದೂರದೂರಿಗೆ ಮಾತಾಡಬೇಕಂದ್ರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಬೇರೆ ಬೇರೆ ದರ. "ಕಾಲ್ ಸಿಗೂದರಾಗ ಬಸ್ ಹತ್ತಿ ರಾಮದುರ್ಗ ಮುಟ್ಟಬಹುದು" ಅಂತಿದ್ರು ನಮ್ಮಜ್ಜ. ವಿದೇಶಿ ಎಕ್ಸ್‌ಚೇಂಜುಗಳು ದೊಡ್ಡ ಊರುಗಳಿಗಾಗಿ ಮಾಡಿದಂಥವು, ಏಸಿ ಕೋಣೆ ಬೇಡುವಂಥವು. ಸವದತ್ತಿಯ ಬಿಸಿಲಿಗೆ, ಧೂಳಿಗೆ ಅವನ್ನು ತಂದಿಟ್ಟು ಏನು ಮಾಡೋದು? 1984ರಲ್ಲಿ ಶುರುವಾದ ಸಿ-ಡಾಟ್, ಸ್ಯಾಮ್ ಪಿತ್ರೋಡಾ ಮುಂದಾಳತ್ವದಲ್ಲಿ, ಏಸಿ ಇಲ್ಲದೆಯೇ ನಡೆಯುವ 128 ಪೋರ್ಟುಗಳ ಪುಟ್ಟ ಯಂತ್ರ ಮಾಡಿತು.

ಡಿಜಿಟಲ್ ಎಕ್ಸ್‌ಚೇಂಜ್ ಮಾಡೋದು ಇಷ್ಟೇ: ನಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಒಂದೊಂದು ಅಳತೆಯನ್ನೂ 8 ಬಿಟ್ಟುಗಳ ಅಂಕಿಯಾಗಿಸೋದು. ಅಂದ್ರೆ ಸೆಕೆಂಡಿಗೆ 64 ಸಾವಿರ ಬಿಟ್. ಈಚೆಗೆ ಊರಿನ ಮನೆಗೆ ಫೈಬರ್ ಎಳೆಸಿ, ಅಮ್ಮನ ಹಳೇ ಫೋನನ್ನು ಗೋಡೆಯ ಮೇಲಿನ ಡಬ್ಬಿಗೆ ಸಿಕ್ಕಿಸಿದೆ. ಸೆಟ್ಟಿಂಗ್ಸ್ ತೆರೆದು ನೋಡ್ತೀನಿ, ಕೋಡೆಕ್ ಜಾಗದಲ್ಲಿ ಜಿ.711. ಅದೇ 8000, ಅದೇ 64 ಸಾವಿರ! ಕಿತ್ತೂರಿನ ಎಕ್ಸ್‌ಚೇಂಜಿನೊಳಗೆ ನಡೀತಿದ್ದ ಲೆಕ್ಕ ಈಗ ನಮ್ಮನೆ ಗೋಡೆಗೆ ಬಂದು ಕೂತಿದೆ. ಬದಲಾಗಿರೋದು ಆ ಅಂಕಿಗಳು ಸಾಗುವ ಬಗೆ. ಈಗ ಅವು ಪೊಟ್ಟಣ ಕಟ್ಟಿಕೊಂಡು ಹೋಗ್ತವೆ.

(ಕಾನೂನಿನ ಕತೆ ಬೇರೆಯೇ. ನಮ್ಮಲ್ಲಿ ಇಂಟರ್ನೆಟ್ ಫೋನಿಗೆ ಅನುಮತಿ ಸಿಕ್ಕಿದ್ದೇ 2002ರ ಏಪ್ರಿಲ್ 1ಕ್ಕೆ. ಆಗಲೂ ಕಂಪ್ಯೂಟರಿನಿಂದ ಅಮೆರಿಕದ ಫೋನಿಗೆ ಮಾಡಬಹುದಿತ್ತು, ಪಕ್ಕದೂರಿನ ಲ್ಯಾಂಡ್‌ಲೈನಿಗೆ ಮಾಡುವಂತಿರಲಿಲ್ಲ :))

ಎಲ್ಲ ಜೋಡಿಸಿ ಮುಗಿಸಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಕರೆಂಟ್ ಹೋದ್ರ ಇದೂ ಹೋಗತೈತೇನೋ?" ಹೌದು, ಹೋಗುತ್ತೆ. ತಾಮ್ರದ ತಂತಿಯಲ್ಲಿ ದನಿಯ ಜೊತೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಕೂಡ ಮನೆಗೆ ಬರ್ತಿತ್ತು. ಊರೆಲ್ಲ ಕತ್ತಲಾದ್ರೂ ಫೋನ್ ಬದುಕಿರ್ತಿತ್ತು. ಫೈಬರ್ ಅಂದ್ರೆ ಗಾಜು, ಅದು ಬೆಳಕನ್ನಷ್ಟೇ ಒಯ್ಯುತ್ತೆ. ಮಳೆಗಾಲದ ರಾತ್ರಿ ಒಬ್ಬರೇ ಇರುವ ವಯಸ್ಸಾದವರಿಗೆ ಇದು ಸಣ್ಣ ವಿಷಯ ಅಲ್ಲ. ಡಬ್ಬಿಯ ಪಕ್ಕ ಈಗ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಇಟ್ಟು ಬಂದಿದ್ದೀನಿ. ನೀವೂ ಊರಿನ ಮನೆಗೆ ಫೈಬರ್ ಹಾಕಿಸೋದಿದ್ರೆ ಮೊದಲು ಇದನ್ನು ತಗೊಳ್ಳಿ.

ಅಂದಹಾಗೆ, ಕಿತ್ತೂರಿನ ಆ ಮೊದಲ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು, ಅದರಿಂದ ಫೋನ್ ಪಡೆದ ಮನೆಯವರು ನಿಮ್ಮ ಪರಿಚಯದಲ್ಲಿದ್ರೆ ತಿಳಿಸಿ. ಮುಂದಿನ ಸಲ ಕೋಟೆ ನೋಡೋಕೆ ಹೋದಾಗ ಅವರನ್ನೂ ಮಾತಾಡಿಸಿ ಬರ್ತೀನಿ.