ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕನ್ನು ಬಿಟ್ಟುಬರಬೇಕೇ? ಬೀದಿ ಬೆಕ್ಕುಗಳ ಪರಾವಲಂಬಿ ಸೋಂಕಿನ ಬಗ್ಗೆ ತಿಳಿಯಬೇಕಾದ್ದು

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಗರ್ಭ ನಿಲ್ಲುವುದಿಲ್ಲ, ಹಾಗಾಗಿ ಬಸುರಿ ಇರುವ ಮನೆಯಿಂದ ಬೆಕ್ಕನ್ನು ಕೂಡಲೇ ಓಡಿಸಬೇಕು ಎಂಬರ್ಥದ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ರಾಗಿ, ಕಡಲೆಕಾಯಿ ಮೂಟೆ ಇರುವ ಮನೆಯಲ್ಲಿ ಇಲಿ ಇರುತ್ತದೆ. ಇಲಿ ಇರುವ ಕಡೆ ಬೆಕ್ಕೂ ಇರುತ್ತದೆ. ಮಗಳು ಬಾಣಂತನಕ್ಕೆ ತವರಿಗೆ ಬರುವ ಹೊತ್ತಿಗೆ ಇಂಥ ಸಂದೇಶ ಬಂದರೆ, ಮರಿಗಳನ್ನು ಚೀಲಕ್ಕೆ ತುಂಬಿ ಊರಾಚೆ ಬಿಟ್ಟುಬರುವವರೂ ಇದ್ದಾರೆ. ಹಾಗಾದರೆ ಈ ಸಂದೇಶದಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ನೋಡೋಣ.

ಸೋಂಕು ಇರುವುದು ನಿಜವೇ?

ಹೌದು. ಇದಕ್ಕೆ ಕಾರಣ ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ ಏಕಕೋಶ ಪರಾವಲಂಬಿ. 1908ರಲ್ಲಿ ಟ್ಯುನೀಷಿಯಾದಲ್ಲಿ ಇದನ್ನು ಮೊದಲು ಗುರುತಿಸಿದ್ದು ಒಂದು ಬಗೆಯ ದಂಶಕ ಪ್ರಾಣಿಯಲ್ಲಿ. ಬೆಕ್ಕಿನ ಪಾತ್ರ ಖಚಿತವಾಗಿ ಗೊತ್ತಾಗಿದ್ದು 1970ರ ಆಸುಪಾಸಿನಲ್ಲಿ. ಆ ಸಂಶೋಧನೆಯಲ್ಲಿ ತೊಡಗಿದ್ದವರಲ್ಲಿ ಭಾರತ ಮೂಲದ ಪಶುವೈದ್ಯ ವಿಜ್ಞಾನಿ ಜೆ.ಪಿ. ದುಬೆ ಕೂಡ ಒಬ್ಬರು. ಈ ಪರಾವಲಂಬಿ ಕುರಿ, ಮೇಕೆ, ಕೋಳಿ, ಇಲಿ, ಮನುಷ್ಯ ಹೀಗೆ ಬಹುತೇಕ ಬಿಸಿರಕ್ತದ ಜೀವಿಗಳಲ್ಲಿ ಬದುಕಬಲ್ಲದು. ಆದರೆ ಅದು ಮೊಟ್ಟೆಯಂಥ ಕೋಶಗಳಾಗಿ ಮಲದಲ್ಲಿ ಹೊರಬರುವುದು ಬೆಕ್ಕಿನ ಜಾತಿಯ ಪ್ರಾಣಿಗಳಿಂದ ಮಾತ್ರ.

ಸೋಂಕಿರುವ ಇಲಿ, ಹಕ್ಕಿ ಅಥವಾ ಹಸಿ ಮಾಂಸ ತಿಂದ ಬೆಕ್ಕಿಗೆ ಇದು ತಗಲುತ್ತದೆ. ಬೇಟೆಯಾಡಿ, ಕಸದಲ್ಲಿ ಹುಡುಕಿ ತಿನ್ನುವ ಬೀದಿ ಬೆಕ್ಕಿಗೆ ಆ ಅಪಾಯ ಹೆಚ್ಚು.

ಕೂದಲಿನಿಂದ ಬರುತ್ತದೆಯೇ?

ಇಲ್ಲ. ಸಂದೇಶದ ಈ ಭಾಗ ಸುಳ್ಳು. ಬೆಕ್ಕಿನ ಕೂದಲಿನಿಂದ ಗರ್ಭಪಾತವಾಗುವುದಿಲ್ಲ, ಬಂಜೆತನವೂ ಬರುವುದಿಲ್ಲ. ಅಲರ್ಜಿ ಇರುವವರಿಗೆ ಸೀನು, ಉಬ್ಬಸ ಬರಬಹುದು, ಅದು ಬೇರೆ ವಿಷಯ.

ಸೋಂಕು ಇರುವುದು ಮಲದಲ್ಲಿ, ಅದೂ ವರ್ಷವಿಡೀ ಅಲ್ಲ. ಸಾಮಾನ್ಯವಾಗಿ ಬೆಕ್ಕು ಮೊದಲ ಸಲ ಸೋಂಕಿಗೆ ಒಳಗಾದಾಗ 1ರಿಂದ 3 ವಾರ ಮಾತ್ರ ಈ ಕೋಶಗಳನ್ನು ಹೊರಹಾಕುತ್ತದೆ. ಹೊರಬಂದ ತಕ್ಷಣ ಅವು ಸೋಂಕು ತರಲಾರವು, ಅದಕ್ಕೆ 1ರಿಂದ 5 ದಿನ ಬೇಕು. ಆದರೆ ಒಮ್ಮೆ ಬಲಿತ ಮೇಲೆ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಬೆಕ್ಕು ಎಲ್ಲೋ ಓಡಿಹೋಗಿರಬಹುದು, ಕೋಶಗಳು ಹಿತ್ತಲಿನ ಮಣ್ಣಿನಲ್ಲೇ ಉಳಿದಿರುತ್ತವೆ.

ಹಾಗಾದರೆ ನಮಗೆ ಬರುವುದು ಹೇಗೆ?

ಮುಖ್ಯ ದಾರಿಗಳು ಮೂರು.

1. ಸರಿಯಾಗಿ ಬೇಯದ ಮಾಂಸ. ಕುರಿ, ಮೇಕೆಯ ಮಾಂಸದಲ್ಲಿ ಪರಾವಲಂಬಿ ಗುಳ್ಳೆಗಳಾಗಿ ಅಡಗಿರಬಹುದು. ಕುಕ್ಕರ್‌ನಲ್ಲಿ ಚೆನ್ನಾಗಿ ಬೆಂದ ಸಾರು ಸುರಕ್ಷಿತ. ಕೆಂಡದ ಮೇಲೆ ಅರೆಬರೆ ಸುಟ್ಟ ತುಂಡು ಸುರಕ್ಷಿತವಲ್ಲ. ಕಾಯಿಸದ ಮೇಕೆ ಹಾಲನ್ನೂ ಕುಡಿಯಬಾರದು.

2. ಮಣ್ಣು ಮೆತ್ತಿದ ಸೊಪ್ಪು, ತರಕಾರಿ ಮತ್ತು ತೊಳೆಯದ ಕೈ.

3. ಕಲುಷಿತ ನೀರು. ಕೊಯಮತ್ತೂರಿನಲ್ಲಿ 2004-05ರ ಸುಮಾರಿಗೆ 248 ಮಂದಿಗೆ ಇದೇ ಪರಾವಲಂಬಿಯಿಂದ ಕಣ್ಣಿನ ಸೋಂಕು ತಗಲಿತ್ತು. ಅನುಮಾನ ಬಿದ್ದದ್ದು ನೀರು ಸರಬರಾಜಿನ ಮೇಲೆ. ಕ್ಲೋರಿನ್‌ಗೆ ಈ ಕೋಶಗಳು ಸಾಯುವುದಿಲ್ಲ, ಕುದಿಸಿದರೆ ಸಾಯುತ್ತವೆ. ಪಾವಗಡದ ಕಡೆ ಫ್ಲೋರೈಡ್ ಕಾರಣಕ್ಕೆ ಕುಡಿಯಲು ಘಟಕದ ಶುದ್ಧ ನೀರು ತರುವವರು ಬಹಳ. ಆದರೆ ಸೊಪ್ಪು ತೊಳೆಯುವ ಸಂಪಿನ ನೀರು ತೆರೆದಿದ್ದರೆ ಅದನ್ನೂ ಮುಚ್ಚಿಡಬೇಕು.

ಭಾರತದ ಹೆರಿಗೆ ವಯಸ್ಸಿನ ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 22.4ರಷ್ಟು ಮಂದಿಗೆ ಹಿಂದೆಂದೋ ಈ ಸೋಂಕು ತಗಲಿದ ಗುರುತು ಸಿಕ್ಕಿತ್ತು. ದಕ್ಷಿಣ ಭಾರತದಲ್ಲಿ ಈ ಪ್ರಮಾಣ ಶೇ. 37.3. ಇವರಲ್ಲಿ ಹೆಚ್ಚಿನವರಿಗೆ ಸೋಂಕು ಬಂದು ಹೋದದ್ದೇ ಗೊತ್ತಿರುವುದಿಲ್ಲ. ಆರೋಗ್ಯವಂತರಲ್ಲಿ ಲಕ್ಷಣ ಕಾಣುವುದೇ ಕಡಿಮೆ. ಕಂಡರೂ ಸಣ್ಣ ಜ್ವರ, ಕತ್ತಿನ ಗಂಟು ಅಷ್ಟೇ.

ಯಾರಿಗೆ ಅಪಾಯ?

ಗರ್ಭ ಧರಿಸಿದ ಮೇಲೆ ಮೊದಲ ಬಾರಿಗೆ ಸೋಂಕು ತಗಲಿದರೆ ಅಪಾಯವಿದೆ. ಮಗುವಿಗೆ ದಾಟಿದರೆ ಗರ್ಭಪಾತ ಆಗಬಹುದು, ಮಗುವಿನ ಕಣ್ಣು ಮತ್ತು ಮೆದುಳಿಗೆ ಹಾನಿಯಾಗಬಹುದು. ಮೊದಲ ತಿಂಗಳುಗಳಲ್ಲಿ ದಾಟುವ ಸಾಧ್ಯತೆ ಕಡಿಮೆ, ಆದರೆ ದಾಟಿದರೆ ಹಾನಿ ಹೆಚ್ಚು. ಎಚ್‌ಐವಿ ಅಥವಾ ಬೇರೆ ಕಾರಣದಿಂದ ರೋಗನಿರೋಧಕ ಶಕ್ತಿ ತೀರಾ ಕುಸಿದವರಿಗೂ ಇದು ಮೆದುಳಿನ ತೊಂದರೆ ತರಬಲ್ಲದು.

ಇಲ್ಲಿ ಇನ್ನೊಂದು ಮಾತು. ಟಾರ್ಚ್ ಪರೀಕ್ಷೆಯಲ್ಲಿ 'ಐಜಿಜಿ ಪಾಸಿಟಿವ್' ಎಂದು ಬಂದ ಕೂಡಲೇ ಹೆದರುವವರು ಅನೇಕರು. ಅದೊಂದೇ ಪಾಸಿಟಿವ್ ಇದ್ದರೆ ಸಾಮಾನ್ಯವಾಗಿ ಹಳೆಯ ಸೋಂಕು ಎಂದರ್ಥ. ಗರ್ಭಕ್ಕೆ ಮೊದಲೇ ಬಂದು ಹೋದ ಸೋಂಕು ಮಗುವಿಗೆ ದಾಟುವುದು ಬಹಳ ಅಪರೂಪ. 'ಐಜಿಎಂ' ಪಾಸಿಟಿವ್ ಇದ್ದರೂ ಅದು ತಿಂಗಳುಗಟ್ಟಲೆ ಹಾಗೇ ಉಳಿಯುವುದುಂಟು. ಹೊಸ ಸೋಂಕೇ ಎಂದು ತಿಳಿಯಲು ಮುಂದಿನ ಪರೀಕ್ಷೆ ಬೇಕು. ಹೊಸ ಸೋಂಕಾದರೆ ಔಷಧಿಯೂ ಇದೆ. ರಿಪೋರ್ಟ್ ನೋಡಿ ನಾವೇ ತೀರ್ಮಾನಿಸದೆ ವೈದ್ಯರ ಬಳಿ ಹೋಗಬೇಕು.

ಕುರಿಗಾರರು ಗಮನಿಸಿ

ಕುರಿ, ಮೇಕೆಗಳು ಕಂದು ಹಾಕಲು ಇರುವ ಕಾರಣಗಳಲ್ಲಿ ಟಾಕ್ಸೊಪ್ಲಾಸ್ಮಾ ಕೂಡ ಒಂದು. ಬ್ರುಸೆಲ್ಲಾದಂಥ ಬೇರೆ ಸೋಂಕುಗಳೂ ಇರಬಹುದು. ಬಿದ್ದ ಮರಿ, ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ಗರ್ಭಿಣಿಯರಂತೂ ಆ ಕೆಲಸಕ್ಕೆ ಹೋಗಲೇಬಾರದು. ಆಳವಾಗಿ ಹೂಳಿ, ಪಶುವೈದ್ಯರಿಗೆ ತಿಳಿಸಿ. ಮೇವು, ಹಿಂಡಿಯ ಮೇಲೆ ಬೆಕ್ಕು ಮಲ ಮಾಡದಂತೆ ಮುಚ್ಚಿಡಿ.

ನಾವು ಮಾಡಬೇಕಾದ್ದೇನು?

• ಮಾಂಸವನ್ನು ಚೆನ್ನಾಗಿ ಬೇಯಿಸಿ. ಹಸಿ ಮಾಂಸ ಹೆಚ್ಚಿದ ಚಾಕು, ಹಲಗೆ, ಕೈಯನ್ನು ಸೋಪಿನಿಂದ ತೊಳೆಯಿರಿ.
• ಸೊಪ್ಪು, ತರಕಾರಿ, ಹಣ್ಣನ್ನು ಶುದ್ಧ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ.
• ಗರ್ಭಿಣಿಯರು ತೋಟದ ಮಣ್ಣು ಮುಟ್ಟುವುದಾದರೆ ಗ್ಲೌಸ್ ಹಾಕಿಕೊಳ್ಳಲಿ.
• ಬೆಕ್ಕಿನ ಮಲವನ್ನು ದಿನವೂ ಮನೆಯ ಬೇರೆಯವರು ತೆಗೆಯಲಿ. ಕೋಶಗಳು ಬಲಿಯುವ ಮೊದಲೇ ಅದು ಹೋಗಿರುತ್ತದೆ.
• ಮನೆ ಕಟ್ಟಲು ಹಾಕಿದ ಮರಳ ರಾಶಿಗೆ ಟಾರ್ಪಾಲ್ ಹೊದಿಸಿ. ಬೆಕ್ಕಿಗೆ ಅದೇ ಪಾಯಖಾನೆ, ಮಕ್ಕಳಿಗೆ ಅದೇ ಆಟದ ಜಾಗ. ಬೆಕ್ಕಿನ ದುಂಡುಹುಳುವಿನ ಮೊಟ್ಟೆಗಳೂ ಅಲ್ಲಿರಬಹುದು.
• ಮನೆಗೆ ಬರುವ ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ. ಪಶು ಆಸ್ಪತ್ರೆಯಲ್ಲಿ ಕೇಳಿ ಜಂತುಹುಳು ಔಷಧಿ ಕೊಡಿಸಿ.

ಬೆಕ್ಕನ್ನು ಬಿಟ್ಟುಬಂದರೆ?

ಅದರಿಂದ ಪ್ರಯೋಜನವಿಲ್ಲ. ಮಣ್ಣಿನಲ್ಲಿರುವ ಕೋಶಗಳು ಬೆಕ್ಕಿನ ಜೊತೆ ಹೋಗುವುದಿಲ್ಲ. ಖಾಲಿಯಾದ ಜಾಗಕ್ಕೆ ಇನ್ನೊಂದು ಬೆಕ್ಕು ಬರುತ್ತದೆ. ಬಿಟ್ಟ ಮರಿಗಳು ಹಸಿವಿನಿಂದ ಸಾಯುತ್ತವೆ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ತೀರ್ಮಾನ: ಸೋಂಕು ನಿಜ, ಕೂದಲಿನ ಕತೆ ಸುಳ್ಳು, ಬೆಕ್ಕನ್ನು ಓಡಿಸಿ ಎನ್ನುವುದು ತಪ್ಪು ಸಲಹೆ. ಬೆಕ್ಕನ್ನು ಓಡಿಸಿ ನೆಮ್ಮದಿಯಾದ ಮನೆಯಲ್ಲಿ ಅರೆಬೆಂದ ಮಾಂಸ, ತೊಳೆಯದ ಸೊಪ್ಪು ಹಾಗೇ ಮುಂದುವರಿದರೆ ಗರ್ಭಿಣಿಗೆ ಅಪಾಯ ತಪ್ಪಿದಂತಾಗುವುದಿಲ್ಲ. ಆ ಸಂದೇಶ ನಿಮ್ಮ ಗ್ರೂಪಿಗೂ ಬಂದಿದ್ದರೆ, ಮುಂದಕ್ಕೆ ಕಳಿಸುವ ಬದಲು ಕಳಿಸಿದವರಿಗೆ ಇದನ್ನು ಓದಲು ಕೊಡಿ.