ಆಕಾಶದ ಹೆದ್ದಾರಿಯೂ ನಮ್ಮ ಬುಟಿಬೋರಿಯೂ

ಬುಟಿಬೋರಿ ಎಂದೊಡನೆ ಊರ ಕಡೆಯ ನಮ್ಮ ಬಂಧುಗಳು ಹುಬ್ಬೇರಿಸುವುದುಂಟು. ಅದೆಲ್ಲಿದೆಯಪ್ಪಾ, ಅಲ್ಲಿಗೆ ಹೇಗೆ ಬರಬೇಕು ಎಂದು ಕೇಳುತ್ತಾರೆ. ನಾಗಪುರದ ತೆಂಕಣಕ್ಕೆ ಹೆದ್ದಾರಿಯ ಮೇಲಿರುವ ಕಾರ್ಖಾನೆಗಳ ಊರು ಎಂದು ಹೇಳುತ್ತೇವೆ. ಆ ಹೆದ್ದಾರಿಯನ್ನು ಬಿಡದೆ ಹಿಡಿದು ಹೋದರೆ ಆದಿಲಾಬಾದು, ಹೈದರಾಬಾದು, ಕರ್ನೂಲು, ಅನಂತಪುರಗಳನ್ನು ದಾಟಿ ಬೆಂಗಳೂರನ್ನೇ ಸೇರಬಹುದು. ಹೊಟ್ಟೆಪಾಡಿಗಾಗಿ ನಾವು ಇಲ್ಲಿಗೆ ಬಂದವರಾದರೂ ಈ ಸೀಮೆಗೆ ಬಂದ ಕನ್ನಡಿಗರಲ್ಲಿ ನಾವೇ ಮೊದಲಿಗರಲ್ಲ. ನೆರೆಯ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ತಾಮ್ರಪಟವು ರಾಷ್ಟ್ರಕೂಟ ಮೂರನೆಯ ಕೃಷ್ಣನದು, ಕ್ರಿ. ಶ. 940ರದು. ಮಾನ್ಯಖೇಟದ ಆಜ್ಞೆ ಇಲ್ಲಿಯವರೆಗೂ ನಡೆಯುತ್ತಿದ್ದಿತು.

ನೆಲದ ಮೇಲಿನ ಈ ದಾರಿಯ ಮಾತು ಹಾಗಿರಲಿ. ನಕಾಶೆಯ ಮೇಲೆ ನಾಗಪುರದ ವಿಮಾನನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಒಂದು ನೇರ ಗೆರೆ ಎಳೆದು ನೋಡಿದರೆ, ಅದು ಬುಟಿಬೋರಿಯ ಪಕ್ಕದಲ್ಲೇ ಹಾದು ಹೈದರಾಬಾದಿನ ಮೇಲೆ ಸಾಗಿ ಬೆಂಗಳೂರನ್ನು ಮುಟ್ಟುತ್ತದೆ. ನಮ್ಮ ಮನೆಗಳ ಹುಡುಗರಲ್ಲಿ ಕೆಲವರು ಈಗ ಈ ಗೆರೆಯ ಬೆನ್ನು ಹತ್ತಿದ್ದಾರೆ. ಕಂಪ್ಯೂಟರಿನ ಮುಂದೆ ಕುಳಿತು, ಸಿಮ್ಯುಲೇಟರಿನಲ್ಲಿ ವಿಮಾನ ಹಾರಿಸಿ, ರೇಡಿಯೋ ಮುಳ್ಳನ್ನು ನೋಡಿ ದಾರಿ ಹಿಡಿಯುವುದನ್ನು ಕಲಿಯುತ್ತಾರೆ. ಹಿರಿಯರಾದ ನಾವು ಮೊದಮೊದಲು ಇದನ್ನು ಆಟವೆಂದೇ ಎಣಿಸಿದ್ದೆವು. ಆದರೆ ಈ ಆಟಕ್ಕೊಂದು ಇತಿಹಾಸವಿದೆ. ಅದರಲ್ಲಿ ಕನ್ನಡ ನಾಡಿಗೂ ನಾಗಪುರಕ್ಕೂ ಪಾಲಿದೆ, ಸಾವುನೋವುಗಳೂ ಇವೆ. ಅದನ್ನು ಇಲ್ಲಿ ಬರೆದಿಡಬೇಕೆನಿಸಿತು.

ಮೊದಲು ಬಳ್ಳಾರಿಯ ಮಾತು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಂಚೆ ಹೊತ್ತು ಅಹಮದಾಬಾದಿನ ಮೂಲಕ ಮುಂಬಯಿಗೆ ಬಂದ ಕಥೆ ಎಲ್ಲರಿಗೂ ಗೊತ್ತು. ಅಹಮದಾಬಾದಿನಲ್ಲಿ ಅದಕ್ಕೆ ಪೆಟ್ರೋಲು ಬಂದುದು ಎತ್ತಿನ ಗಾಡಿಯಲ್ಲಿ. ಮುಂಬಯಿಯಿಂದ ಮುಂದಕ್ಕೆ ಆ ಅಂಚೆಯನ್ನು ಒಯ್ದವರು ಟಾಟಾ ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಅವರು ಇಳಿದುದು ಬಳ್ಳಾರಿಯಲ್ಲಿ. ರಾತ್ರಿ ಅಲ್ಲಿ ತಂಗಿ ಮರುದಿನ ಮದರಾಸಿಗೆ ಹಾರಿದರು. ಹೀಗೆ ಭಾರತೀಯರದೇ ಆದ ಮೊದಲ ವಿಮಾನ ಅಂಚೆಯ ದಾರಿಯಲ್ಲಿ ಕನ್ನಡದ ಊರೊಂದು ತಂಗುದಾಣವಾಯಿತು. ಪಠ್ಯಪುಸ್ತಕಗಳು ಟಾಟಾ ಅವರ ಅರ್ಧ ದಾರಿಯನ್ನು ಹೇಳಿ ಬಳ್ಳಾರಿಯ ಅರ್ಧವನ್ನು ಬಿಟ್ಟುಬಿಡುವುದು ನಮಗೆ ಸರಿ ಕಾಣದು. ಆ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ದಿಕ್ಸೂಚಿ, ಗಡಿಯಾರ, ನಕಾಶೆ ಇವಿಷ್ಟೇ ಆಧಾರ. ನದಿ, ರೈಲುಹಳಿ, ಗುಡ್ಡಗಳನ್ನು ಕಣ್ಣಿನಿಂದ ಗುರುತಿಸುತ್ತ ಹೋಗಬೇಕಾಗಿದ್ದಿತು.

ಕಣ್ಣಿಗೆ ಕಾಣದಾಗ ಏನು ಮಾಡಬೇಕು? ಈ ಪ್ರಶ್ನೆಗೆ ಅಮೆರಿಕದವರು ಪ್ರಾಣ ತೆತ್ತು ಉತ್ತರ ಕಂಡುಕೊಂಡರು. ಅಲ್ಲಿನ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಆರ್ಗನ್ ವಾದ್ಯಗಳನ್ನು ತಯಾರಿಸುವ ಮನೆತನದ ಎಡ್ವಿನ್ ಲಿಂಕ್ ಎಂಬಾತ 1929ರ ಹೊತ್ತಿಗೆ ವಾದ್ಯದ ತಿದಿಗಳನ್ನೇ ಬಳಸಿ ಒಂದು ಪೆಟ್ಟಿಗೆಯನ್ನು ಕಟ್ಟಿದ. ನಮ್ಮ ಹಾರ್ಮೋನಿಯಮ್ಮಿಗೂ ಗಾಳಿ ಕೊಡುವುದು ತಿದಿಯೇ ತಾನೆ. ಆ ಪೆಟ್ಟಿಗೆಯೊಳಗೆ ಕುಳಿತು ಹಿಡಿಕೆಯನ್ನು ಆಡಿಸಿದರೆ ಅದು ವಿಮಾನದಂತೆಯೇ ವಾಲುತ್ತಿತ್ತು, ತಿರುಗುತ್ತಿತ್ತು. ಕೊಂಡವರು ಹೆಚ್ಚಾಗಿ ಜಾತ್ರೆಯ ವಿನೋದದಂಗಡಿಗಳವರು. ಸೈನ್ಯ ತಿರುಗಿಯೂ ನೋಡಲಿಲ್ಲ. 1934ರಲ್ಲಿ ಅಮೆರಿಕ ಸರ್ಕಾರ ವಿಮಾನ ಅಂಚೆಯನ್ನು ಖಾಸಗಿ ಕಂಪನಿಗಳಿಂದ ಕಿತ್ತು ಸೈನ್ಯಕ್ಕೆ ವಹಿಸಿತು. ರಾತ್ರಿಯಲ್ಲಿ, ಮಂಜಿನಲ್ಲಿ ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ ತರುಣರು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಬಿದ್ದು ಸತ್ತರು. ಒಟ್ಟು ಹನ್ನೆರಡು ಮಂದಿ. ಆಗ ಸೈನ್ಯಕ್ಕೆ ಲಿಂಕನ ನೆನಪಾಯಿತು, ಆರು ಪೆಟ್ಟಿಗೆಗಳನ್ನು ಕೊಂಡರು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಹತ್ತು ಸಾವಿರದಷ್ಟು ಲಿಂಕ್ ಟ್ರೈನರುಗಳು ತಯಾರಾಗಿದ್ದುವು.

ಕಲಿಕೆಯ ಕ್ರಮ ಹೀಗಿದ್ದಿತು. ಶಿಷ್ಯನ ತಲೆಯ ಮೇಲೆ ಮುಚ್ಚಳ ಮುಚ್ಚುತ್ತಿದ್ದರು. ಒಳಗೆ ಮುಳ್ಳುಗಳು, ಕಿವಿಗೆ ರೇಡಿಯೋ, ಅಷ್ಟೆ. ಆ ಕಾಲದ ದಾರಿದೀಪದ ಠಾಣೆಗಳು ದಾರಿಯ ಒಂದು ಪಕ್ಕಕ್ಕೆ ಮೋರ್ಸ್ ಸಂಕೇತದ ‘ಎ’ ಅಕ್ಷರವನ್ನೂ ಇನ್ನೊಂದು ಪಕ್ಕಕ್ಕೆ ‘ಎನ್’ ಅಕ್ಷರವನ್ನೂ ಸಾರುತ್ತಿದ್ದುವು. ಮೊದಲನೆಯದು ಗಿಡ್ಡ-ಉದ್ದ, ಎರಡನೆಯದು ಉದ್ದ-ಗಿಡ್ಡ. ಸರಿಯಾದ ದಾರಿಯ ಮೇಲಿದ್ದರೆ ಎರಡೂ ಕೂಡಿಕೊಂಡು ಶ್ರುತಿಪೆಟ್ಟಿಗೆಯಂತೆ ಒಂದೇ ನಾದ ಕೇಳುತ್ತಿತ್ತು. ಗುರುವು ಹೊರಗೆ ಮೇಜಿನ ಬಳಿ ಕುಳಿತು ಈ ನಾದಗಳನ್ನು ತಾನೇ ಕಳುಹಿಸುತ್ತಿದ್ದ. ಮೇಜಿನ ಮೇಲಿನ ನಕಾಶೆಯಲ್ಲಿ ಏಡಿ ಎಂದು ಹೆಸರಾದ ಮೂರು ಗಾಲಿಯ ಪುಟ್ಟ ಯಂತ್ರವೊಂದು ಹರಿದಾಡಿ, ಶಿಷ್ಯ ಹಾರಿದ ದಾರಿಯನ್ನು ಮಸಿಯಲ್ಲಿ ಬರೆಯುತ್ತಿತ್ತು. ಮುಚ್ಚಳ ತೆಗೆದಾಗ ವಾದಕ್ಕೆ ಎಡೆಯಿರಲಿಲ್ಲ. ಗೆರೆ ಗುಡ್ಡದ ಮೇಲೆ ಹಾದಿದ್ದರೆ ಶಿಷ್ಯನು ಕಾಗದದ ಮೇಲೆ ಸತ್ತ, ಆದರೆ ಮನೆಗೆ ನಡೆದುಕೊಂಡು ಹೋದ. ಸಿಮ್ಯುಲೇಟರಿನ ಪ್ರಯೋಜನವೆಲ್ಲ ಇದರಲ್ಲೇ ಇದೆ.

ಇನ್ನು ನಾಗಪುರ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ರಫಿ ಅಹಮದ್ ಕಿದ್ವಾಯಿ ಅವರು ಸಂಪರ್ಕ ಖಾತೆಯ ಮಂತ್ರಿಗಳಾಗಿದ್ದಾಗ, 1949ರ ಜನವರಿಯಲ್ಲಿ ರಾತ್ರಿ ವಿಮಾನ ಅಂಚೆ ಆರಂಭವಾಯಿತು. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ರಾತ್ರಿ ಹೊರಟ ನಾಲ್ಕು ವಿಮಾನಗಳು ನಡುರಾತ್ರಿಯ ಹೊತ್ತಿಗೆ ನಾಗಪುರದ ಸೋನೆಗಾಂವ್ ನಿಲ್ದಾಣದಲ್ಲಿ ಕೂಡುತ್ತಿದ್ದುವು. ಅಂಚೆಯ ಚೀಲಗಳನ್ನೂ ಪ್ರಯಾಣಿಕರನ್ನೂ ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ನಾಲ್ಕು ನಗರಗಳನ್ನು ಮುಟ್ಟುತ್ತಿದ್ದುವು. ಸುಮಾರು 680ರಿಂದ 990 ಕಿಲೋಮೀಟರುಗಳ ಆ ನಾಲ್ಕು ದಾರಿಗಳು ಒಂದೇ ಗಳಿಗೆಗೆ ಸೇರಬೇಕು. ಒಬ್ಬ ತಡಮಾಡಿದರೆ ಮೂವರು ಕಾಯಬೇಕು. ಮೊದಲು ಕೈಹಾಕಿದ ಕಂಪನಿ ಕೆಲವೇ ತಿಂಗಳಲ್ಲಿ ಕೈಬಿಟ್ಟರೂ ಅದೇ ವರ್ಷ ಕೆಲಸ ಮತ್ತೆ ಮುಂದುವರಿಯಿತು. 1949ರ ಏಪ್ರಿಲ್‌ನಿಂದ ಸಾಧಾರಣ ಕಾಗದಗಳೂ ಹೆಚ್ಚಿನ ಅಂಚೆವೆಚ್ಚವಿಲ್ಲದೆ ವಿಮಾನವೇರತೊಡಗಿದುವು. ದೂರದೂರಿನಲ್ಲಿರುವ ಮಗನಿಗೆ ತಾಯಿ ಬರೆಸಿದ ಕಾಗದ ರಾತ್ರಿಯಲ್ಲಿ ಹಾರಿ ಬರುವುದೆಂದರೆ ಏನೆಂಬುದನ್ನು ಪರಸ್ಥಳದಲ್ಲಿ ಬಾಳಿದ ನಮ್ಮಂಥವರಿಗೆ ವಿವರಿಸಬೇಕಾಗಿಲ್ಲ.

ಆ ವಿಮಾನಗಳು ಡಕೋಟ ಜಾತಿಯವು. ಯುದ್ಧ ಮುಗಿದ ಮೇಲೆ ಉಳಿದ ಸೈನ್ಯದ ಡಕೋಟಗಳನ್ನು ನಾಗರಿಕ ಪ್ರಯಾಣಕ್ಕೆ ಸಜ್ಜುಗೊಳಿಸಿದ ಕಾರ್ಖಾನೆಗಳಲ್ಲಿ ನಮ್ಮ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಪ್ರಮುಖವಾದುದು. ಮೈಸೂರು ಸರ್ಕಾರದ ನೆರವಿನಿಂದ ವಾಲಚಂದ್ ಹೀರಾಚಂದರು 1940ರಲ್ಲಿ ಕಟ್ಟಿದ ಸಂಸ್ಥೆಯದು.

ಇದೆಲ್ಲ ಸುಖದ ಕಥೆಯೇನಲ್ಲ. 1953ರ ಡಿಸೆಂಬರ್ 12ರಂದು ರಾತ್ರಿ ಅಂಚೆಯ ಡಕೋಟವೊಂದು ಸೋನೆಗಾಂವದಿಂದ ಮೇಲೆದ್ದ ಸ್ವಲ್ಪದರಲ್ಲೇ ಬಿದ್ದು 13 ಮಂದಿ ತೀರಿಕೊಂಡರು. ಲೋಕಸಭೆಯ ಸದಸ್ಯರೂ ಕಾರ್ಮಿಕರ ಮುಖಂಡರೂ ಆದ ಹರಿಹರನಾಥ ಶಾಸ್ತ್ರಿಗಳು ಅವರಲ್ಲೊಬ್ಬರು. ಬದುಕಿ ಉಳಿದವನು ವಿಮಾನ ಚಾಲಕನೊಬ್ಬನೇ. ಅದು ಯಂತ್ರದ ಶಕ್ತಿ ಕುಂದಿ ಆದ ಅನಾಹುತ. ದಾರಿ ತಪ್ಪಿ ಆದ ಅನಾಹುತವೂ ಉಂಟು. ಮೂರು ವರ್ಷ ಮೊದಲು, 1950ರ ಡಿಸೆಂಬರ್ 13ರಂದು, ನೀಲಗಿರಿಯ ಕೋತಗಿರಿಯ ಬಳಿ ಡಕೋಟವೊಂದು ಮಾರ್ಗನಿರ್ಣಯದಲ್ಲಿ ತಪ್ಪಿ ಬೆಟ್ಟಕ್ಕೆ ಬಡಿದು ಒಳಗಿದ್ದವರೆಲ್ಲರೂ ಮಡಿದರು. ಹಾಗೆ ಮಡಿದವರಲ್ಲಿ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರದ ಪಂಡಿತರೂ ಅವರ ಪತ್ನಿಯೂ ಇದ್ದರು. ಯುದ್ಧಕಾಲದಲ್ಲಿ ಬಾಂಬು ವಿಮಾನಗಳ ಯಾವ ಭಾಗಕ್ಕೆ ಪೆಟ್ಟು ಬಿದ್ದರೆ ಅವು ಮರಳಿ ಬಾರವು ಎಂದು ಲೆಕ್ಕ ಹಾಕಿಕೊಟ್ಟ ಮಹಾಶಯರು ಅವರೇ. ವಿಧಿಯ ಈ ಲೆಕ್ಕವನ್ನು ಯಾರು ಹಾಕಿದರೋ!

ದಾರಿ ತಪ್ಪುವುದು ಎಷ್ಟು ಸುಲಭವೆಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ನಮ್ಮ ಹುಡುಗರು ಸಿಮ್ಯುಲೇಟರಿಗೆ ಕುಳಿತುಕೊಳ್ಳುವ ಮುನ್ನ ಕಾಗದದ ಮೇಲೆ ಮಾಡಬೇಕಾದ ಲೆಕ್ಕವೂ ಇದೇ. ನಾಗಪುರದಿಂದ ಬೆಂಗಳೂರಿಗೆ ಸುಮಾರು 480 ನಾಟಿಕಲ್ ಮೈಲಿ, ಎಂದರೆ 890 ಕಿಲೋಮೀಟರು. ದಿಕ್ಕು 189 ಡಿಗ್ರಿ, ದಕ್ಷಿಣದಿಂದ ತುಸು ಪಡುವಲಿಗೆ. ಡಕೋಟದ ವೇಗ ಗಂಟೆಗೆ 140 ಮೈಲಿ ಎಂದಿಟ್ಟುಕೊಂಡರೆ ಮೂರೂವರೆ ಗಂಟೆಯ ಹಾದಿ. ಪಡುವಣದಿಂದ ಗಂಟೆಗೆ 25 ಮೈಲಿಯ ಗಾಳಿ ಬೀಸುತ್ತಿದೆ ಎನ್ನೋಣ. ಅದನ್ನು ಲೆಕ್ಕಿಸದೆ ಮೂತಿಯನ್ನು 189ಕ್ಕೇ ಹಿಡಿದು ಹೋದವನು ಬೆಂಗಳೂರು ಬಂತೆಂದು ಕೆಳಗೆ ನೋಡಿದರೆ ಅಲ್ಲಿರುವುದು ಚಿತ್ತೂರು! ಸುಮಾರು 85 ಮೈಲಿ ಮೂಡಲಿಗೆ ಸರಿದಿರುತ್ತಾನೆ. ಮೂತಿಯನ್ನು ಹತ್ತು ಡಿಗ್ರಿ ಗಾಳಿಯ ಕಡೆಗೆ ತಿರುಗಿಸಿ 199ಕ್ಕೆ ಹಿಡಿದಾಗ ಮಾತ್ರ ದಾರಿ ನೆಟ್ಟಗಾಗುತ್ತದೆ. ತುಂಬಿದ ಹೊಳೆಯನ್ನು ದಾಟುವ ಅಂಬಿಗ ದೋಣಿಯ ಮೂತಿಯನ್ನು ನೀರಿಗೆದುರಾಗಿ ಓರೆ ಹಿಡಿಯುವುದು ಇದೇ ಲೆಕ್ಕದಿಂದ.

ಗಾಳಿ ಹೇಳಿದಷ್ಟೇ ಬೀಸುತ್ತದೆಂಬ ಭರವಸೆಯೇನೂ ಇಲ್ಲ. ಆದುದರಿಂದ ರೇಡಿಯೋ ಬೇಕು. ಸರಳವಾದುದು ಬೀಕನ್ನು. ಅದು ಸುತ್ತಲೂ ಅಲೆಗಳನ್ನು ಬಿಡುತ್ತದೆ, ವಿಮಾನದ ಮುಳ್ಳು ಅದರ ಕಡೆಗೆ ತಿರುಗುತ್ತದೆ. ಮಧ್ಯಮತರಂಗದ ಪ್ರಸಾರನಿಲಯವಾದರೂ ಆದೀತು. ಹಿಂದಿನ ಚಾಲಕರು ಹಾಡು ಕೇಳುತ್ತಲೇ ಊರಿನ ದಿಕ್ಕು ಹಿಡಿದದ್ದುಂಟು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬಾನುಲಿ ಕೇಂದ್ರ ತೆರೆದಾಗ ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ವಿಮಾನದವನಿಗೆ ಆ ಹೆಸರು ಅಕ್ಷರಶಃ ಸತ್ಯ. ಆದರೆ ಈ ಮುಳ್ಳನ್ನು ಕಣ್ಣು ಮುಚ್ಚಿ ನಂಬಲಾಗದು. ಸಂಜೆ ಕಳೆದ ಮೇಲೆ ಮೇಲಿನ ವಾಯುಸ್ತರದಿಂದ ಮರಳಿ ಬರುವ ಅಲೆಗಳು ಅದನ್ನು ಅಲ್ಲಾಡಿಸುತ್ತವೆ. ಗುಡುಗಿನ ಮೋಡವಿದ್ದರೆ ಅದು ಊರನ್ನು ಬಿಟ್ಟು ಮಿಂಚಿನ ಕಡೆಗೇ ತಿರುಗೀತು. ನಡುರಾತ್ರಿಯಲ್ಲಿ, ವಿದರ್ಭದ ಮಳೆಗಾಲದಲ್ಲಿ ಬರುವವನ ಪಾಡನ್ನು ಊಹಿಸಿಕೊಳ್ಳಿ.

ಮುಂದೆ ಬಂದ ವಿ. ಓ. ಆರ್. ಎಂಬುದು ಹೆಚ್ಚು ನಂಬಿಕೆಯದು. ಅದನ್ನು ನಮ್ಮ ಕರಾವಳಿಯ ದೀಪಸ್ತಂಭಕ್ಕೆ ಹೋಲಿಸಬಹುದು. ಸುತ್ತಲೂ ಒಂದೇ ಸಮನಾಗಿ ಕೇಳುವ ಸಂಕೇತವೊಂದು, ಸೆಕೆಂಡಿಗೆ 30 ಸುತ್ತು ತಿರುಗುವ ಸಂಕೇತವೊಂದು. ಅವೆರಡರ ಅಂತರವನ್ನು ಅಳೆದು ವಿಮಾನದ ಯಂತ್ರವು ತಾನು 360 ಗೆರೆಗಳಲ್ಲಿ ಯಾವುದರ ಮೇಲಿದ್ದೇನೆಂದು ಹೇಳುತ್ತದೆ. ಎರಡು ಠಾಣೆಗಳ ಗೆರೆಗಳು ಎಲ್ಲಿ ಕೂಡುತ್ತವೆಯೋ ಅಲ್ಲಿ ನಾವಿದ್ದೇವೆ. ಪ್ರತಿ ಠಾಣೆಯೂ ತನ್ನ ಹೆಸರನ್ನು ಮೋರ್ಸಿನಲ್ಲಿ ಸಾರುತ್ತಿರುತ್ತದೆ. ಹುಡುಗರು ಅವಸರದಲ್ಲಿ ಇದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಸ್ಟೇಷನ್ನಿನ ಬೋರ್ಡು ಓದದೆ ರೈಲಿನಿಂದಿಳಿದ ಹಾಗೆ ಬೇರೊಂದು ಊರಿನ ಠಾಣೆಯನ್ನು ಹಿಡಿದು ಕೂರುತ್ತಾರೆ. ದಾರಿಯ ಯೋಜನೆಯೆಂದರೆ ಗೆರೆಯೊಂದೇ ಅಲ್ಲ. ಎಲ್ಲಿ ಠಾಣೆ ಬದಲಿಸಬೇಕು, ಎಷ್ಟು ಎತ್ತರದಲ್ಲಿದ್ದರೆ ಗುಡ್ಡ ತಾಗದು, ಬೆಂಗಳೂರಿನಲ್ಲಿ ಮಂಜು ಮುಸುಕಿದರೆ ಹಿಂದಿರುಗಿ ಹೈದರಾಬಾದು ಸೇರಲು ಎಣ್ಣೆ ಉಳಿದಿರುವುದೇ, ಇವೆಲ್ಲ ಮೊದಲೇ ಬರೆದಿರಬೇಕು.

ಲಿಂಕನ ಪೆಟ್ಟಿಗೆ ಮನೆಗೆ ಬಂದುದು ಕಂಪ್ಯೂಟರಿನೊಂದಿಗೆ. ಬ್ರೂಸ್ ಆರ್ಟ್‌ವಿಕ್ ಎಂಬುವರು 1979ರಲ್ಲಿ ಆಪಲ್ ಕಂಪ್ಯೂಟರಿಗೆ ಬರೆದ ಹಾರಾಟದ ಕಾರ್ಯಕ್ರಮವನ್ನು ಅನುಸರಿಸಿ 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹೊರಬಂತು. ಮಸಿಯ ಏಡಿ ಹೋಗಿ ಪರದೆಯ ಮೇಲಿನ ಗೆರೆ ಬಂತು. ರಾತ್ರಿ ಅಂಚೆಯೂ ಎರಡು ದಶಕಗಳಿಗೆ ಮಿಕ್ಕಿ ನಡೆದು 1970ರ ದಶಕದಲ್ಲಿ ನಿಂತಿತು. ಉಪಗ್ರಹಗಳಿಂದ ಬರುವ ಸಂಕೇತವನ್ನು ತಿದ್ದಿ ವಿಮಾನಗಳಿಗೆ ಕೊಡುವ ‘ಗಗನ್’ ವ್ಯವಸ್ಥೆಯ ಮುಖ್ಯ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಅದಕ್ಕೆ ಅಳತೆ ಒದಗಿಸುವ ಠಾಣೆಗಳಲ್ಲಿ ನಾಗಪುರವೂ ಒಂದು. ಹೀಗಿದ್ದೂ ಮುಳ್ಳು, ಗಾಳಿಯ ಲೆಕ್ಕ ಇವನ್ನು ಮೊದಲು ಕಲಿಯಬೇಕೆಂಬುದೇ ನಮ್ಮ ಮತ. ಹುಡುಗರು ಒಪ್ಪುವುದಿಲ್ಲ, ಪರದೆಯ ಮೇಲೆ ದಾರಿ ತಾನೇ ಕಾಣುವಾಗ ಯಾಕೆ ಎನ್ನುತ್ತಾರೆ.

ಅವರಿಗೆ ಈ ರಜೆಯಲ್ಲಿ ಬೇರೊಂದು ದಾರಿಯನ್ನು ಸೂಚಿಸಿದ್ದೇವೆ. ರೇಡಿಯೋ ಗುಂಡಿಗಳನ್ನೆಲ್ಲ ಆರಿಸಿ, 1932ರಂತೆ ಮುಂಬಯಿಯಿಂದ ಬಳ್ಳಾರಿಗೆ ಹಾರಬೇಕು. ನೇರ ಗೆರೆಯಲ್ಲಿ ಸುಮಾರು 615 ಕಿಲೋಮೀಟರು, ಪುಸ್ ಮಾತ್‌ಗೆ ನಾಲ್ಕು ಗಂಟೆಯ ಹಾದಿ. ಬಾಗಲಕೋಟೆಯ ಆಸುಪಾಸಿನಲ್ಲಿ ಕೃಷ್ಣೆಯನ್ನು ದಾಟುವಾಗ ಇಂದು ಆಲಮಟ್ಟಿಯ ಹಿನ್ನೀರು ಹರಡಿರುವುದು ಕಾಣುತ್ತದೆ. ಮುಂದೆ ಬಲಗಡೆ ದೂರದಲ್ಲಿ ತುಂಗಭದ್ರೆಯ ಜಲಾಶಯ. ಇವೆರಡನ್ನೂ ನೋಡಿಯೂ ನೋಡದಂತೆ ಇರಬೇಕೆಂದು ಷರತ್ತು ಹಾಕಿದ್ದೇವೆ. ವಿನ್ಸೆಂಟರ ಕಾಲಕ್ಕೆ ಎರಡೂ ಇರಲಿಲ್ಲ. ನದಿಯ ಗೆರೆ, ರೈಲುಹಳಿ, ಕಡೆಗೆ ಬಯಲಿನಲ್ಲಿ ಎದ್ದು ನಿಂತ ಬಳ್ಳಾರಿಯ ಬೋಳು ಬಂಡೆಯ ಗುಡ್ಡ, ಅದರ ಮೇಲಿನ ಕೋಟೆ, ಇಷ್ಟನ್ನೇ ಹುಡುಕಿಕೊಂಡು ಹೋಗಬೇಕು.