ಹೆಗಲ ಕೀಲು ಮತ್ತು ನಾಲ್ಕು ಹುರಿಗಳ ಕಥೆ

ಮಂಡಿ ಬದಲಾಯಿಸಿಕೊಂಡವರು ಈಗ ನಮ್ಮ ಮುಂಬಯಿಯ ಪ್ರತಿ ಬಿಲ್ಡಿಂಗಿನಲ್ಲೂ ಒಬ್ಬಿಬ್ಬರಾದರೂ ಸಿಗುತ್ತಾರೆ. ಹೆಗಲ ಕೀಲು ಬದಲಾಯಿಸಿಕೊಂಡವರು ಅಪರೂಪ. ಹಾಗಂತ ಇದೇನೂ ನಿನ್ನೆ ಮೊನ್ನೆಯ ಕಸುಬಲ್ಲ. 1893ರಲ್ಲೇ ಪ್ಯಾರಿಸ್ಸಿನ ಶಸ್ತ್ರವೈದ್ಯ ಪೇಆನ್, ಕ್ಷಯದಿಂದ ಹೆಗಲ ಮೂಳೆ ಹಾಳಾಗಿದ್ದ ಬೇಕರಿ ಕೆಲಸಗಾರನೊಬ್ಬನಿಗೆ ಪ್ಲಾಟಿನಂ ದಂಡ, ರಬ್ಬರ್ ಚೆಂಡಿನ ಕೀಲು ಕೂರಿಸಿದ್ದ. ಅದನ್ನು ತಯಾರಿಸಿಕೊಟ್ಟವನು ಒಬ್ಬ ದಂತವೈದ್ಯ! ಸುಮಾರು ಎರಡು ವರ್ಷದಲ್ಲಿ ಸೋಂಕಿನಿಂದಾಗಿ ಅದನ್ನು ತೆಗೆಯಬೇಕಾಯಿತು.

ಹೆಗಲು ವಿಚಿತ್ರ ಕೀಲು ಸ್ವಾಮಿ. ಚೆಂಡು ದೊಡ್ಡದು, ಬಟ್ಟಲು ಚಿಕ್ಕದು, ಅದೂ ಆಳವಿಲ್ಲದ್ದು. ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣಿಟ್ಟು ಓಡಿದ್ದು ನೆನಪಿದೆಯೇ? ಹಾಗೆ. ನಿಂಬೆಹಣ್ಣು ಉರುಳದಂತೆ ಹಿಡಿದಿರುವುದು ಸುತ್ತ ಇರುವ ನಾಲ್ಕು ಸ್ನಾಯುಗಳ ಹುರಿಗಳು. ಇವನ್ನೇ ರೊಟೇಟರ್ ಕಫ್ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ 'ನರ ಹರಿದಿದೆ' ಅನ್ನುವುದು ಇದಕ್ಕೇ, ಆದರೆ ಅದು ನರವಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ.

ಈ ಹುರಿ ಹರಿಯುತ್ತದೆ, ಹೊಲಿಯಬಹುದು ಎಂದು 1911ರಲ್ಲಿ ಬರೆದವನು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್. ಆಪರೇಷನ್ ಆದ ರೋಗಿ ವರ್ಷವಾದ ಮೇಲೆ ಹೇಗಿದ್ದಾನೆ ಎಂದು ಪ್ರತಿ ಆಸ್ಪತ್ರೆಯೂ ಲೆಕ್ಕ ಇಡಬೇಕು ಎಂದು ಹಟ ಹಿಡಿದು ಸಹೋದ್ಯೋಗಿಗಳ ವಿರೋಧ ಕಟ್ಟಿಕೊಂಡ ಮನುಷ್ಯ. ನನಗಂತೂ ಈ ಕಥೆಯಲ್ಲಿ ಅವನ ಮೇಲೇ ಹೆಚ್ಚು ಪ್ರೀತಿ.

ಇನ್ನು ಕೀಲಿನ ಮಾತು. ನ್ಯೂಯಾರ್ಕಿನ ಚಾರ್ಲ್ಸ್ ನೀರ್ 1950ರ ದಶಕದಲ್ಲಿ, ಮುರಿದು ಚೂರಾದ ಹೆಗಲಿಗೆ ಲೋಹದ ಚೆಂಡು ಹಾಕತೊಡಗಿದ. 70ರ ದಶಕದಲ್ಲಿ ಪ್ಲಾಸ್ಟಿಕ್ ಬಟ್ಟಲೂ ಸೇರಿತು. ಆಗ ಅವನು ಒತ್ತಿ ಹೇಳಿದ ಮಾತು: ಕೀಲು ಎಷ್ಟೇ ಚೆನ್ನಾಗಿರಲಿ, ಕೈ ಎತ್ತುವುದು ಸ್ನಾಯು. ಹಾಗಾಗಿ ಹರಿದ ಹುರಿ ಸಿಕ್ಕರೆ ಅದೇ ಆಪರೇಷನ್ನಿನಲ್ಲಿ ಹೊಲಿಯಬೇಕು. ಹೊಲಿಯಲಾಗದಷ್ಟು ಹಾಳಾಗಿದ್ದರೆ ನೋವು ಕಡಿಮೆಯಾದರೆ ಸಾಕು, ಕೈ ಪೂರ್ತಿ ಏಳುವ ಆಸೆ ಬೇಡ. ಹುರಿ ಇಲ್ಲದ ಹೆಗಲಲ್ಲಿ ಚೆಂಡು ಮೇಲಕ್ಕೆ ಜಾರಿ ಬಟ್ಟಲಿನ ಅಂಚನ್ನು ಒತ್ತುತ್ತದೆ. ಬಟ್ಟಲು ಮಕ್ಕಳ ಮರದ ಕುದುರೆಯಂತೆ ತೂಗಾಡಿ ಸಡಿಲವಾಗುತ್ತದೆ. 1988ರಲ್ಲಿ ಅಮೆರಿಕದ ವೈದ್ಯರು ಇದಕ್ಕೆ ಆ ಕುದುರೆಯ ಹೆಸರನ್ನೇ ಇಟ್ಟರು.

ದಾರಿ ತೋರಿಸಿದವನು ಫ್ರಾನ್ಸಿನ ದಿಜೋನ್ ಊರಿನ ಪಾಲ್ ಗ್ರಾಮೊಂ. 1985ರಲ್ಲಿ ಅವನು ಕೀಲನ್ನೇ ತಲೆಕೆಳಗು ಮಾಡಿದ: ಬಟ್ಟಲಿನ ಜಾಗದಲ್ಲಿ ಚೆಂಡು, ಚೆಂಡಿನ ಜಾಗದಲ್ಲಿ ಬಟ್ಟಲು. (ನೀರ್ ಕೂಡ ಮೊದಲೇ ಇಂಥದ್ದನ್ನು ಮಾಡಿನೋಡಿ ಕೈಬಿಟ್ಟಿದ್ದ.) ತಿರುಗುವ ಕೇಂದ್ರವನ್ನು ಒಳಕ್ಕೆ, ಕೆಳಕ್ಕೆ ತಂದದ್ದೇ ಗ್ರಾಮೊಂನ ಚಾಣಾಕ್ಷತನ. ಹೆಗಲ ಮೇಲಿನ ದಪ್ಪ ಡೆಲ್ಟಾಯ್ಡ್ ಸ್ನಾಯುವಿಗೆ ಸನ್ನೆಗೋಲಿನ ಬಲ ಸಿಕ್ಕಿ, ಅದೊಂದೇ ಕೈ ಎತ್ತುವಂತಾಯಿತು. ಅಮೆರಿಕದ ಅನುಮತಿ ಸಿಗಲು ಮಾತ್ರ 2003 ಬರಬೇಕಾಯಿತು.

ತಮಾಷೆಯೆಂದರೆ, ಮಾಮೂಲಿ ಕೀಲು ಹಾಕುವಾಗ ವೈದ್ಯರೇ ಒಂದು ಹುರಿ ಬಿಡಿಸುತ್ತಾರೆ. ಸಾಮಾನ್ಯವಾಗಿ ಕೀಲಿಗೆ ಮುಂದಿನಿಂದ ಹೋಗುವುದು. ಬಾಗಿಲಲ್ಲೇ ಸಬ್‌ಸ್ಕ್ಯಾಪುಲಾರಿಸ್ ಅಡ್ಡ ನಿಂತಿರುತ್ತದೆ. ಅದನ್ನು ಬಿಡಿಸಿ ಒಳಗೆ ಹೋಗಿ, ಬರುವಾಗ ಮತ್ತೆ ಕಟ್ಟಬೇಕು. ಈ ಹೊಲಿಗೆ ಬಿಟ್ಟುಹೋದರೆ ಚೆಂಡು ಮುಂದಕ್ಕೆ ಜಾರಬಹುದು. ತಲೆಕೆಳಗು ಕೀಲಿನಲ್ಲಿ ಅದನ್ನು ಹೊಲಿಯಲೇಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ.

ನಮ್ಮವರು ಡಾಕ್ಟರ ಮುಂದೆ ಕೂತರೆ 'ಯಾವ ಕಂಪನಿಯ ಕೀಲು, ಎಷ್ಟು ಖರ್ಚು' ಎಂದು ಕೇಳುತ್ತಾರೆ. 'ಹುರಿ ಹೇಗಿದೆ' ಎಂದು ಕೇಳುವವರು ಕಮ್ಮಿ. ಯಾವ ಕೀಲು ಎನ್ನುವುದು ಬಹುಮಟ್ಟಿಗೆ ಅದರ ಮೇಲೇ ನಿಂತಿದೆ. ಹೊಲಿಗೆ ಬಿದ್ದ ಮೇಲೆ ಹಲವು ವಾರ ಕೈಯನ್ನು ಪಟ್ಟಿಯಲ್ಲಿ ತೂಗಿಕೊಂಡಿರಬೇಕು, ಕುರ್ಚಿಗೆ ಕೈಯೂರಿ ಏಳುವಂತಿಲ್ಲ. ಅಭ್ಯಾಸಬಲದಿಂದ ಲೋಕಲ್ ಟ್ರೇನಿನ ಹಿಡಿಕೆಗೆ ಆ ಕೈ ಚಾಚಿದಿರೋ, ಹೊಲಿಗೆ ಕಿತ್ತುಬರಬಹುದು.